ಮೂರನೇ ಬಟ್ಟು

ಅಲ್ಲಬೇ, ಮೂರು ಬಟ್ಟು ಯಾಕ ಎತ್ತಿದಿ? ಎಷ್ಟು ಮಕ್ಕಳು ಅಂತ ಕೇಳಿದ್ರ ಮೂರು ಬಟ್ಟು! ನಾ ಏನು ಕುರುಡ ಅದೀನೇನು? ಒಳಗ ಡಾಕ್ಟರ್ ಸಾಹೇಬ್ರ ಮುಂದ ನಿಂತಾಂವ ನಿನ್ನ ದೊಡ್ಡ ಮಗ ಯಂಕೋಬ, ಒಬ್ಬ. ಇಲ್ಲಿ ನಿನ್ನ ಸೀರಿಗೆ ಮೂಗು ಒರಸಾಕತ್ತಾಂವ ಲಾಲಪ್ಪ, ಇಬ್ಬರು. ಮೂರನೇದು ಎಲ್ಲೈತಿ? ಹಾಂ?... ಮತ್ತ ಮೂರು! ಇಳಸಬೇ ಕೈ.

ಬಾಯಿ ಬಿಟ್ಟು ಹೇಳು. ಸೆರಗು ಬಾಯಿಗೆ ಹಚ್ಚಿಕೊಂಡು ಸನ್ನಿ ಮಾಡಿದ್ರ ನನಗೇನು ತಿಳೀಬೇಕು? ಅಯ್ಯನೋರ ಮುಂದ ಕೇರಿ ಹೆಣಮಕ್ಕಳು ಮಾತಾಡಬಾರದು ಅಂತೇನು? ಆ ಕಾಲ ಹೋತು ಯಮನಮ್ಮ. ನಿಜಾಮ ಹೋಗಿ ಆರು ವರ್ಷ ಆತು. ಈಗ ಎಲ್ಲಾರೂ ಸಮ. ಇದು ಸರ್ಕಾರದ ಸಾಲಿ, ನಾ ಸರ್ಕಾರದ ಮಾಸ್ತರ. ಮಸ್ಕಿಯೊಳಗ ಕರಿಬಸಯ್ಯ ಮಾಸ್ತರ ಅಂದ್ರ ಹುಡುಗರು ಚಡ್ಡಿ ತೋಯಿಸಿಕೊಂತಾವ, ಅದು ಖರೇ. ಆದ್ರ ದೊಡ್ಡವರಿಗೆ ನಾ ಏನೂ ಮಾಡಂಗಿಲ್ಲ. ಬಾ, ಕುಂದ್ರು... ಏ, ಅಲ್ಲೇ, ಅಲ್ಲೇ! ಕಟ್ಟಿ ಕೆಳಗ. ಸಮ ಅಂದ್ರ ಕಟ್ಟಿ ಮ್ಯಾಲ ಅಂತಲ್ಲ.

ನಿಮ್ಮಂಥವರ ಕಣ್ಣು ನೋಡಿದ್ರ ಸಾಕು ನನಗ. ಬಚ್ಚಿಟ್ಟೀರಿ! ಎಲ್ಲಾರೂ ಬಚ್ಚಿಡತೀರಿ. ಮೊನ್ನಿ ಒಬ್ಬಾಕಿ ಸಾಹೇಬ್ರ ಮೋಟರು ಕಂಡಕೂಡ್ಲೇ ತನ್ನ ಮಗನ್ನ ಜ್ವಾಳದ ಹಗೇವಿನ್ಯಾಗ ಇಳಿಸಿ ಮ್ಯಾಲ ಕಲ್ಲು ಎಳದಿದ್ಲು. ಉಸಿರುಗಟ್ಟಿ ಸತ್ತಿದ್ರ ಯಾರು ಜಿಮ್ಮಾ? ಇನ್ನ ದೊಡ್ಡ ಮನಿಯವರು... ಅವರ ಕತಿ ಕೇಳಬ್ಯಾಡ. ಅಟ್ಟದ ಮ್ಯಾಲ ಒಂದು ಮೂಕ ಇರತೈತಿ, ಕೆಳಗ ಬಂದು ‘ನಮ್ಮ ಮನೆತನದಾಗ ಅಂಥಾದ್ದು ಇಲ್ಲರೀ’ ಅಂತಾರ. ಯಾಕ ಹೇಳು? ಗೊತ್ತಾದ್ರ ಉಳಿದ ಹೆಣಮಕ್ಕಳ ಮದಿವಿ ಆಗಂಗಿಲ್ಲ. ಮಂದಿ ಹಂಗ ಐತಿ ನೋಡು, ಒಂದು ಸುಳ್ಳಿನ ಮ್ಯಾಲ ಇಡೀ ಮನಿ ಕಟ್ಟತಾರ.

ಯಾಕ ಹಂಗ ನೋಡತಿ? ನನ್ನ ಮನಿ ಬ್ಯಾರೆ. ನನಗ ಒಬ್ಬಾಕೇ ಮಗಳು. ನೀಲಮ್ಮ. ಲಿಂಗಸುಗೂರಿನ್ಯಾಗ ಅಮರಗುಂಡಪ್ಪ ಅಂತ ಅರಿವಿ ಅಂಗಡಿ ಸಾವಕಾರರು, ಅವರ ಮಗಗ ಕೇಳ್ಯಾರ. ಬರೂ ಸೋಮವಾರ ನಿಶ್ಚೇ. ಅವರಾಗೇ ಕೇಳಿಕೊಂಡು ಬಂದಾರ ಮತ್ತ! ‘ಮಾಸ್ತರ ಮನೆತನ, ಶೇಖರಮ್ಮನಂಥಾ ತಾಯಿ, ಒಂದು ಕಲೆ ಇಲ್ಲ’ ಅಂದ್ರಂತ. ಶೇಖರಮ್ಮ ಅಂದ್ರ ನನ್ನ ಹೆಂಡತಿ. ತಾಯಿಯಂಗ ಮಗಳು, ನೂಲಿನಂಗ ಸೀರಿ ಅಂತಾರಲ್ಲ, ಹಂಗ. ಅದಿರಲಿ. ನನ್ನ ಸುದ್ದಿ ಯಾಕ ಈಗ?

ನಿನ್ನ ಯಂಕೋಬನ ಸುದ್ದಿ ಕೇಳು. ಸಾಹೇಬ್ರು ಆತನ್ನ ಆರಿಸ್ಯಾರ... ಅಳಬ್ಯಾಡಬೇ, ನಾ ಹೇಳೂದು ಪೂರಾ ಕೇಳು. ಮಂದಬುದ್ಧಿ ಹುಡುಗರಿಗೆ ಅಂತನ ದೊಡ್ಡ ಊರಾಗ ಒಂದು ಬ್ಯಾರೇ ಸಾಲಿ ತೆರದಾರ. ಅಲ್ಲೇ ಊಟ, ಅಲ್ಲೇ ಅರಿವಿ. ಚಾಪಿ ಹೆಣಿಯೂದು ಕಲಸತಾರ, ಬುಟ್ಟಿ ಹೆಣಿಯೂದು ಕಲಸತಾರ. ಇಲ್ಲಿ ಬಿಸಲಾಗ ನಿನ್ನ ಸಂಗಾಟ ರಸ್ತಾದ ಕಲ್ಲು ಒಡಿಯೂದು ಚಲೋನೋ, ಅಲ್ಲಿ ನೆಳ್ಳಾಗ ಬುಟ್ಟಿ ಹೆಣಿಯೂದು ಚಲೋನೋ? ನೀ ಬರೇ ಹೂಂ ಅನ್ನು. ಹೆಬ್ಬಟ್ಟೂ ಬ್ಯಾಡ, ಏನೂ ಬ್ಯಾಡ. ತಾಯಿ ಹೂಂ ಅಂದ್ಲು ಅಂತ ನಾ ಸಾಹೇಬ್ರಿಗೆ ಹೇಳತೀನಿ, ಮುಗೀತು.

ಇಲ್ಲ ಅಂತ ತಲಿ ಅಲ್ಲಾಡಸತಿ. ಹುಡುಗ ಶಾಣ್ಯಾ ಅದಾನ ಅಂತೀ? ಏನು ಶಾಣ್ಯಾ! ನಾನ ಪರೀಕ್ಷಾ ಮಾಡೀನಿ ಆತನ್ನ, ಈ ಕೈಲೇ. ಕಟ್ಟಿಗಿ ತುಂಡು ಅದಾವ, ಬಣ್ಣಬಣ್ಣದ್ದು. ಒಂದೊಂದ ತುಂಡು ಕೈಯಾಗ ಹಿಡದು ‘ತಗೋ ಯಂಕೋಬ, ಜೋಡಸು’ ಅಂದೆ. ತಗೊಳ್ಳಲೇ ಇಲ್ಲ! ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು ನೆಲ ನೋಡಿಕೋತ ನಿಂತ. ತಗೋ ಅಂತೀನಿ, ಹಿಂದಕ ಹಿಂದಕ ಸರೀತಾನ. ಸಾಹೇಬ್ರು ನೋಡಿದ್ರು, ‘ಕೊಟ್ಟದ್ದು ತಗೊಳ್ಳೂ ಬುದ್ಧಿನೂ ಇಲ್ಲ’ ಅಂದ್ರು.

ಏನದು? ನೆಲದ ಮ್ಯಾಲ ಇಡಬೇಕಿತ್ತು ಅಂತೀಯಾ?... ಹೌದು, ಕೇರಿ ಹುಡುಗರು ನಮ್ಮ ಕೈಯಾಗಿಂದ ತಗೊಳ್ಳಂಗಿಲ್ಲ. ಕೆಳಗ ಇಟ್ಟು ಸರದ ಮ್ಯಾಲ ತಗೊಂತಾವ. ಅದೇನು ನನಗ ಗೊತ್ತಿಲ್ಲೇನು? ಆದ್ರ ಪರೀಕ್ಷಾದ ನಿಯಮದಾಗ ಕೆಳಗ ಇಡೂದು ಬರೇ ಇಲ್ಲಬೇ. ಕೈಯಾಗ ಕೊಡಬೇಕು, ಕೈಯಾಗ ತಗೋಬೇಕು. ವಿಲಾಯತಿಯೊಳಗ ಮಾಡಿದ ನಿಯಮ ಅದು, ಅಲ್ಲಿ ಕೇರಿ ಎಲ್ಲಿ ಅದಾವ? ನಾ ಸಾಹೇಬ್ರಿಗೆ ಹೇಳಬಹುದಿತ್ತು, ಖರೇ. ಹೇಳಲಿಲ್ಲ. ದೊಡ್ಡವರ ಮಾತಿನ್ಯಾಗ ಬಾಯಿ ಹಾಕಿದ್ರ ಆ ಆದೆಪ್ಪ ಅದಾನಲ್ಲ, ನನ್ನ ಕೆಳಗಿನ ಮಾಸ್ತರ, ಇವತ್ತು ಸಂಜೀಗೇ ‘ಕರಿಬಸಯ್ಯಗ ಪರೀಕ್ಷಾ ಮಾಡಾಕ ಬರಂಗಿಲ್ಲ’ ಅಂತ ಸಿಂಧನೂರತನಾ ಡಂಗುರ ಹೊಡಸತಾನ. ನನ್ನ ಕುರ್ಚಿ ಮ್ಯಾಲ ಕಣ್ಣು ಆತಂದು.

ನಾ ಸುಮ್ಮ ಸುಮ್ಮನ ಹೇಳಾಕತ್ತಿಲ್ಲ ಯಮನಮ್ಮ. ತಾಲೀಮು ಮುಗಿಸಿ ಬಂದೀನಿ. ಬಿಳೇ ಪಡದೆ ಮ್ಯಾಲ ದೀಪ ಬಿಟ್ಟು ತೋರಿಸಿದ್ರು, ಮಂದಬುದ್ಧಿ ಅಪ್ಪ, ಆತಗ ಮಂದಬುದ್ಧಿ ಮಕ್ಕಳು, ಅವಕ್ಕ ಮೊಮ್ಮಕ್ಕಳು... ಕರೇ ಚುಕ್ಕಿ, ಕರೇ ಚುಕ್ಕಿ, ಕೆಳಗಿನತನಾ ಕರೇ ಚುಕ್ಕಿ. ನೀವು ಬಿತ್ತಾಕ ಜ್ವಾಳ ಹೆಂಗ ತೆಗೀತೀರಿ? ದಪ್ಪ ತೆನಿ ನೋಡಿ ಆರಿಸಿ ಇಡತೀರಿಲ್ಲೋ? ಆಕಳಿಗೆ ಹೋರಿ ಬಿಡಾಗ ನಸಲ್ ಅಂದ್ರ ತಳಿ ನೋಡತೀರಿಲ್ಲೋ? ಸರ್ಕಾರ ಅದನ್ನ ಮನುಷ್ಯರೊಳಗ ಮಾಡಬೇಕು ಅಂತಾರ ಸಾಹೇಬ್ರು. ಕೆಟ್ಟ ಬೀಜ ಮುಂದ ಹೋಗಬಾರದು. ಅಷ್ಟ.

ಯಾಕ ನಗತಿ? ನಗೂ ಮಾತು ಏನಾಡಿದೆ ನಾ?... ನೋಡಿ ಆರಿಸಾಕ ಮನುಷ್ಯರೇನು ಹೋರಿನಾ ಅಂತೀ? ಸೆರಗಿನ್ಯಾಗ ನಕ್ರ ನನಗ ಕಾಣಂಗಿಲ್ಲ ಅಂತ ತಿಳಕೋಬ್ಯಾಡ.

ಸಾಹೇಬ್ರು ಕೆಟ್ಟವರಲ್ಲ. ಅವರದೊಂದು ಲೆಕ್ಕ ಐತಿ. ಒಂದು ಹೊಟ್ಟ್ಯಾಗ ಒಂದು ಮಂದಬುದ್ಧಿ ಹುಟ್ಟಿದ್ರ ಅದು ಬೇಮಾರಿ. ಎರಡು ಹುಟ್ಟಿದ್ರ ಅದು ನಸಲ್. ಬೇಮಾರಿ ಆದ್ರ ಹುಡುಗ ಹೋಗತಾನ, ಕಲೀತಾನ, ಸೂಟಿಗೆ ಊರಿಗೆ ಬರತಾನ. ನಸಲ್ ಆದ್ರ... ವಾಪಸ್ ಬರೂ ಮಾತಿಲ್ಲ. ಮದಿವಿ ಇಲ್ಲ. ಹೆಣ್ಣಾದ್ರ ಮೈನೆರಿಯೂಕಿಂತ ಮೊದಲ ದವಾಖಾನ್ಯಾಗ ಕತ್ತರಿ. ಹಡದ ತಾಯಿಗೂ ಕತ್ತರಿ, ಇನ್ನೊಂದು ಹುಟ್ಟಬಾರದು ಅಂತ. ಹೆದರಬ್ಯಾಡ, ನಿನಗ ಒಂದ ಐತಿ. ಯಂಕೋಬ ಬೇಮಾರಿ. ಅದಕ್ಕ ಕೇಳಾಕತ್ತಿದ್ದು ಎಷ್ಟು ಮಕ್ಕಳು ಅಂತ. ಮೂರನೇದು ಯಾವುದು? ಎಲ್ಲಿ ಬಚ್ಚಿಟ್ಟೀದಿ?

ಎಲ್ಲಿ? ಗದ್ದ ಎತ್ತಿ ತೋರಿಸಿದ್ರ ಹೆಂಗ... ಆ ಬೇವಿನ ಗಿಡದ ಕೆಳಗಾ? ಭಾವಿ ಕಟ್ಟಿಗೆ ಆತುಕೊಂಡು ಕುಂತದ್ದಾ? ಹೆಣ್ಣು ಹುಡುಗಿ!... ಹ್ಞಾಂ. ನಾ ಅಂದಿದ್ದೆ ಇಲ್ಲೋ! ಯಾಕ ಹಂಗ ತಲಿ ತೂಗಾಕತ್ತೈತಿ ಅದು? ಬಾಯಾಗಿಂದ ಜೊಲ್ಲು ಸೋರಾಕತ್ತೈತಿ. ಮಾತು ಬರತಾವೇನು? ‘ಅವ್ವಾ’ ಅಂತೈತಿ... ಅಷ್ಟನಾ? ಬ್ಯಾರೆ ಏನೂ ಇಲ್ಲ?

ಎರಡಾತು! ಯಮನಮ್ಮ, ಎರಡಾತು ನೋಡು! ನಸಲ್! ಆದೆಪ್ಪ ಊರೂರು ತಿರಗಿ ಚಪ್ಪಲಿ ಸವಸಿದ, ಒಂದು ನಸಲ್ ಸಿಗಲಿಲ್ಲ ಆತಗ. ನಾ ಕುಂತಲ್ಲೇ ಹಿಡದೆ. ಬುಡ್ಡೇಸಾಬ್! ಏ ಬುಡ್ಡೇಸಾಬ್! ಒಳಗ ಹೋಗಿ ಸಾಹೇಬ್ರಿಗೆ... ತಡಿ. ತಡೀಬೇ. ಎಷ್ಟು ವರ್ಷ ಅದಕ್ಕ? ಎಂಟಾ? ಯಂಕೋಬಗೂ ಎಂಟು ಅಂದಿ. ಎರಡೂ ಜೋಡಿ ಹುಟ್ಟಿದ್ವೇನು?... ಅಲ್ಲ. ಯಂಕೋಬ ಸುಗ್ಗ್ಯಾಗ, ಇದು ಮಳಗಾಲದಾಗ. ಆಹಾ! ಸುಗ್ಗಿಗೊಂದು ಮಳಗಾಲಕ್ಕೊಂದು ಹಡದೇನು? ಯಾರಿಗೆ ಟೊಪಗಿ ಹಾಕಾಕ ಬಂದೀದಿ? ಎಲ್ಲಿಂದ ಕದ್ದು ತಂದಿ ಆ ಕೂಸನ್ನ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡಂಗ ಮಾಡಾಕತ್ತಿ! ಪೋಲೀಸ ಪಾಟೀಲರನ್ನ ಕರಸಲೇನು?

ಏನು ಸನ್ನಿ ಅದು? ಎರಡೂ ಕೈ ಮುಂದ ಚಾಚಿ... ತೂಗಾಕತ್ತಿ... ತೊಟ್ಲಾ? ಅಲ್ಲ. ಕಾಳು ಹಸನ ಮಾಡಿದಂಗ... ಮರ! ಮರದಾಗ ಹಾಕಿ ಕೊಟ್ರು ಅಂತೀಯಾ? ತೌಡಿಗೆ ಕೊಂಡಿ?... ಥೂ, ಹುಚ್ಚಿ. ಅದೊಂದು ಪದ್ಧತಿಬೇ. ಮನ್ಯಾಗ ಕೂಸು ಉಳಿಯಂಗಿಲ್ಲ ಅಂದ್ರ ಹುಟ್ಟಿದ್ದನ್ನ ಕಾಳು ಕೇರೂ ಮರದಾಗ ಮಲಗಿಸಿ, ಬ್ಯಾರೆ ಯಾಕಿಗರೆ ಒಂದು ಹಿಡಿ ತೌಡಿಗೆ ಮಾರಿದಂಗ ಮಾಡತಾರ. ‘ಇದು ನಮ್ಮದಲ್ಲ, ಮಾರಿಬಿಟ್ಟೀವಿ’ ಅಂತ ಸಾವಿಗೆ ಟೊಪಗಿ ಹಾಕೂದು. ಮರುಗಳಿಗಿ ತಮ್ಮ ಕೂಸು ತಾವು ವಾಪಸ್ ತಗೊಂತಾರ. ಎಲ್ಲಾರ ಮನ್ಯಾಗೂ ಮಾಡತಾರ ಅದನ್ನ, ಎಲ್ಲಾರಿಗೂ ಗೊತ್ತಿರತೈತಿ ಅದು ಆಟ ಅಂತ. ನೀ ಖರೇ ಅಂತ ತಿಳಕೊಂಡು ಕೂಸು ಎತಗೊಂಡು ಹೋಗಿಬಿಟ್ಟೇನು?

ವಾಪಸ್ ತಗೊಳ್ಳಲಿಲ್ಲ ಅಂತೀ? ಯಾಂವ ಆ ಪುಣ್ಯಾತ್ಮ, ಹಡದ ಕೂಸನ್ನ ಮರದಾಗ ಬಿಟ್ಟು ಹೋದಾಂವ? ಎಲ್ಲಿ ನಡದದ್ದು ಇದು? ನಿಮ್ಮೂರು ಯಾವುದು?... ಹೊಳೀ ದಂಡಿ... ಅರಗೋಲು... ಗದ್ದಲದ ವರ್ಷ...

ಮುಕ್ಕುಂದ?

ಬುಡ್ಡೇಸಾಬ್! ಸಾಹೇಬ್ರಿಗೆ ಏನೂ ಹೇಳಬ್ಯಾಡ. ಒಳಗ ಹೋಗಬ್ಯಾಡ ನೀ. ನೀರು ತಾ. ಭಾವಿ ನೀರು ಬ್ಯಾಡೋ, ಹಳ್ಳದ ವರತಿ ನೀರು. ಹೌದು, ಹಳ್ಳಕ್ಕ ಹೋಗು! ದೂರ ಆದ್ರ ಆಗಲಿ, ಕೊಡ ತಗೊಂಡು ಹೋಗು. ಈ ಲಾಲಪ್ಪನ್ನೂ ಕರಕೊಂಡು ಹೋಗು ಜರಾ.

ಸಣ್ಣಗ ಮಾತಾಡು. ಸಾಹೇಬ್ರು ಬಾಗಲಾಚೆ ಅದಾರ... ನೀ ಎಲ್ಲಿ ಮಾತಾಡಾಕತ್ತಿ, ನಾನ ಮಾತಾಡಾಕತ್ತೀನಿ. ಖರೇ.

ಯಾರು ಕಳಿಸ್ಯಾರ ನಿನ್ನ? ಆದೆಪ್ಪ ಕಳಿಸ್ಯಾನಿಲ್ಲೋ? ಮುಕ್ಕುಂದ ಎಲ್ಲಿ, ಮಸ್ಕಿ ಎಲ್ಲಿ! ರಸ್ತಾದ ಕೆಲಸ ಸಿಂಧನೂರ ಕಡೆ ಇರಲಿಲ್ಲೇನು? ಇಷ್ಟು ಮಂದಿ ಕಾಲಿವಿ ತೋಡಾಕ ವಳಕಮದಿನ್ನಿ ಕಡೆ ಹೊಂಟಾರ, ನಿನಗ ಮಸ್ಕಿನ ಬೇಕಾತು? ಗಂಡ ಹಟ್ಟಿ ಬಂಗಾರದ ಗಣ್ಯಾಗ ಅದಾನ, ಅದಕ್ಕ ಈ ಕಡೆ ಬಂದೆ ಅಂತೀಯಾ? ಹಟ್ಟಿ ಕಡೆ ಕೈ ಮಾಡಿದ್ರ ನಾ ನಂಬತೀನೇನು? ಮುಂದಿನ ಸೋಮವಾರ ನನ್ನ ಮಗಳ ನಿಶ್ಚೇ, ಈ ಸೋಮವಾರ ನೀ ಬಂದು ಕಟ್ಟಿ ಕೆಳಗ ಕುಂತೀದಿ. ಇದು ತಾನ ಆಗೂ ಮಾತಲ್ಲ. ಯಾರೋ ಹೇಳಿಕೊಟ್ಟಾರ. ಎತ್ತು ಮೂರು ಬಟ್ಟು, ಮಾಸ್ತರ ಮಾರಿ ನೋಡು ಅಂತ ಹೇಳಿಕೊಟ್ಟಾರ!

ಯಾವ ಮಾಸ್ತರ? ನನಗೇನು ಸಂಬಂಧ ಅದರದ್ದು? ನಾ ಬರೇ... ಕೇಳಿದ ಸುದ್ದಿ. ಆ ವರ್ಷ ಎಷ್ಟು ಮಂದಿ ಹೊಳಿ ದಾಟಿದ್ರು. ರಜಾಕಾರರ ಅಂಜಿಕಿ. ಹೊಳಿ ದಾಟಿದ್ರ ಬಳ್ಳಾರಿ ಸೀಮಿ, ಜೀವ ಉಳೀತು. ಯಾರೋ ಒಬ್ಬಾಂವ ತನ್ನ ತಾಯಿ, ಹೆಂಡತಿ, ಎರಡು ಕೂಸು ಕಟಗೊಂಡು ಮುಕ್ಕುಂದಕ್ಕ ಬಂದಿದ್ನಂತ. ಹೊಳಿ ತುಂಬಿತ್ತು. ಸಣ್ಣ ಕೂಸಿಗೆ ಎರಡು ವರ್ಷ, ಕುತಿಗಿ ನಿಂತಿರಲಿಲ್ಲ. ಅಳೂದು ಒಂದ ಬರತಿತ್ತು. ಅತ್ರ ಅಳೂದು, ಅತ್ರ ಅಳೂದು, ಯಾರು ಎತಗೊಂಡ್ರೂ ಬಿಡತಿರಲಿಲ್ಲ. ಅರಗೋಲಿನಾಂವ ಅಂದನಂತ, ‘ದಂಡಿ ಮ್ಯಾಲ ಪಹರೆ ಐತಿ. ಈ ಕೂಸು ಅತ್ರ ಎಲ್ಲಾರೂ ಸಾಯತೀವಿ. ಕೂಸು ಬಿಟ್ಟು ಹತ್ತರಿ, ಇಲ್ಲಾಂದ್ರ ಇಳೀರಿ.’ ಒಳಗ ಇನ್ನಾ ಮಂದಿ ಕುಂತಿದ್ರಲ್ಲ, ಎಲ್ಲಾರೂ ಹಂಗ ಅಂದ್ರು. ಏನು ಮಾಡಬೇಕಿತ್ತು ಆತ? ಹೇಳು!

ಮುದುಕಿ ಹುಷಾರು. ದಂಡ್ಯಾಗ ನಿಂತಿದ್ದ ಒಬ್ಬ ಹೆಣಮಗಳ ಕೈಯಾಗ ಮರ ಇತ್ತಂತ. ‘ಬರೇ ಬಿಟ್ಟು ಹೋದ್ರ ಪಾಪ, ಮಾರಿ ಹೋದ್ರ ಪಾಪ ಇಲ್ಲ’ ಅಂದ್ಲು. ಮರದಾಗ ಇಟ್ಲು. ಒಂದು ಹಿಡಿ ತೌಡು ಸೆರಗಿನ್ಯಾಗ ಹಾಕಿಸಿಕೊಂಡ್ಲು. ಗದ್ದಲ ಮುಗದ ಮ್ಯಾಲ ಬಂದು ತಗೊಂತೀವಿ ಅಂತ ಹೇಳಿ... ಶೇ... ಆ ಹೆಂಡತಿ, ಆ ಹೆಣಮಗಳು, ಬಾಯಾಗ ಸೆರಗು ತುರಕಿಕೊಂಡು ಕುಂತಿದ್ಲು. ಹೊಳಿ ದಾಟೂತನಾ ಆ ತೌಡು ನೋಡಿಕೋತ ಕುಂತಿದ್ಲು.

ನೋಡಬ್ಯಾಡ ಹಂಗ. ಶೇ ಅಂದಿದ್ದು ಶೇಖರಮ್ಮ ಅಂತಲ್ಲ. ಛೇ ಅಂದೆ ನಾ.

ಯಾಕ ವಾಪಸ್ ಬರಲಿಲ್ಲ ಅಂತ ಕೇಳತೀಯಾ? ಬರೂದಿತ್ತು. ಪೋಲೀಸ ಕಾರ್ಯಾಚರಣಿ ಆತು, ಎಲ್ಲಾರೂ ಊರಿಗೆ ತಿರಗಿದ್ರು. ಓಣ್ಯಾಗ ಕಾಲಿಟ್ಟಕೂಡ್ಲೇ ಸಣ್ಣಾಕಿ ಎಲ್ಲಿ ಅಂತ ಕೇಳಿದ್ರು ಮಂದಿ. ಮುದುಕಿ ‘ಆಚೀ ದಂಡ್ಯಾಗ ವಾಂತಿಬೇನ್ಯಾಗ ಹೋತು’ ಅಂದುಬಿಟ್ಲು. ಅಂದ ಮಾತು ಅಂದಂಗ ನಿಂತಿತು. ಮಂದಿ ಬಂದು ಅತ್ತು ಹೋದ್ರು, ಊಟ ಹಾಕಿಸಿದ್ರು. ಆಮ್ಯಾಲ ಯಾವ ಬಾಯಿಲೇ ‘ಇಲ್ಲ, ಬದುಕೈತಿ’ ಅನಬೇಕು? ಮತ್ತ ಬದುಕೈತಿ ಅಂತ ಯಾರಿಗೆ ಗೊತ್ತು! ಕುತಿಗಿ ನಿಲ್ಲದ್ದು, ಹಾಲು ನುಂಗಾಕ ಬರದದ್ದು, ಆ ಮಳ್ಯಾಗ ಉಳೀತಿತ್ತೇನು? ಉಳಿಯಂಗಿಲ್ಲ ಅಂತನ ಎಲ್ಲಾರೂ... ಎಲ್ಲಾರೂ ಅಂದಕೊಂಡಿದ್ರು.

ಅಲ್ನೋಡು.

ಎದ್ದು ನಿಂತ್ಲು... ನಡಿಯಾಕತ್ತಾಳ! ಯಮನಮ್ಮ, ನಡೀತಾಳ ಆಕಿ? ಒಂದು ಕಾಲು ಎಳೀತಾಳ, ಆದ್ರೂ... ಭಾವಿ ಕಟ್ಟಿ ಹಿಡಕೊಂಡು... ಬೀಳತಾಳ, ಬೀಳತಾಳ ಹಿಡೀಬೇ! ಇಲ್ಲ. ಬೀಳಲಿಲ್ಲ. ಬೇವಿನ ಹಣ್ಣು ಆರಿಸಾಕತ್ತಾಳ. ಉಡಿಯಾಗ ಹಾಕಿಕೊಳ್ಳಾಕತ್ತಾಳ. ನಕ್ಳು ಆಕಿ. ಈಗ ನಕ್ಳಲ್ಲ... ದಿನಾ ನಗತಾಳೇನು? ಏನಂತ ಕರೀತಿ ಆಕೀನ್ನ? ಲಾಲಪ್ಪ ಆವಾಗಿಂದ ‘ಬಸ್ಸಕ್ಕಾ, ಬಸ್ಸಕ್ಕಾ’ ಅನ್ನಾಕತ್ತಿದ್ದ. ಬಸ್ಸಮ್ಮ. ಹೆಸರೂ ಬದಲ್ ಮಾಡಲಿಲ್ಲಬೇ ನೀ! ಶಿವಬಸಮ್ಮ ಅಂತ ಮುದುಕಿ ಹೇಳಿ ಹೋಗಿದ್ದು, ನೀ ಬಸ್ಸಮ್ಮ ಅಂತ ಇಟಗೊಂಡಿ.

ಕೇಳಿಲ್ಲಿ. ಹೊತ್ತಿಲ್ಲ ನಮಗ. ಸಾಹೇಬ್ರು ಆ ಹುಡುಗೀನ್ನ ಇನ್ನಾ ನೋಡಿಲ್ಲ. ಹೊರಗ ಬಂದು ಎಷ್ಟು ಮಕ್ಕಳು ಅಂತ ಕೇಳತಾರ. ನೀ ಎರಡು ಅನ್ನು. ಎರಡ ಬಟ್ಟು ಎತ್ತು, ಹಿಂಗ. ಮೂರು ಅಂದ್ರ ನೀನ ಕೆಡತಿ! ಯಂಕೋಬ ಒಂದು, ಆಕಿ ಒಂದು, ಎರಡೂ ನಿನ್ನ ಹೊಟ್ಟೀವು ಅಂತ ತಿಳಕೊಂತಾರ. ನಸಲ್ ಅಂತಾರ. ನಿನಗ ಕತ್ತರಿ, ಆಕಿಗೆ ಕತ್ತರಿ. ಯಂಕೋಬ ಮತ್ತ ನಿನ್ನ ಕಣ್ಣಿಗೆ ಬೀಳಂಗಿಲ್ಲ. ಲಾಲಪ್ಪನ್ನೂ ನಾಳೆ ಎಳಕೊಂಡು ಹೋದ್ರ ಯಾರು ಕೇಳತಾರ? ಎರಡು ಅನ್ನು. ನಾ ಒಳಗ ಹೋಗಿ ಯಂಕೋಬಗ ಮತ್ತೊಮ್ಮಿ ಪರೀಕ್ಷಾ ಮಾಡತೀನಿ. ಕಟ್ಟಿಗಿ ತುಂಡು ನೆಲದ ಮ್ಯಾಲ ಇಡತೀನಿ. ಹೌದು, ನಿಯಮ ಹಾಳಾಗಿ ಹೋಗಲಿ, ನೆಲದ ಮ್ಯಾಲ ಇಡತೀನಿ! ಮಗನ್ನ ಕರಕೊಂಡು ಹಿಂದಿನ ಹಾದಿ ಹಿಡದು ಹೋಗಿಬಿಡು. ಹಾವೂ ಸಾಯಲಿ, ಕೋಲೂ ಮುರಿಯೂದು ಬ್ಯಾಡ.

ಮತ್ತ ಮೂರು! ಯಾಕ ಹಟ ಮಾಡತಿ? ಏನು ಬೇಕು ನಿನಗ? ಜ್ವಾಳ ಬೇಕೇನು? ಒಂದು ಚೀಲ ಕಳಸತೀನಿ, ಎರಡು ಚೀಲ ಕಳಸತೀನಿ... ಬ್ಯಾಡ? ಮತ್ತ ಏನು? ನನ್ನ ಮರ್ಯಾದಿ ಬೇಕೇನು?

ತೌಡಿಗೆ ಕೊಂಡದ್ದು ಹೊಟ್ಟ್ಯಾಗ ಹುಟ್ಟಿದಂಗ ಆಗತೈತೇನು? ಆಕಿ ನಿನ್ನ ರಕ್ತ ಅಲ್ಲಬೇ. ಇಲ್ಲ ಅಂದ್ರ ನಿನಗೇನು ಪಾಪ? ಒಂದು ಮಾತು, ಬಾಯಿಮಾತು. ಆಕಿಗೇನು ತಿಳೀತೈತಿ, ಅವ್ವ ಇಲ್ಲ ಅಂದ್ಲು ಅಂತ ಅಳತಾಳೇನು? ಬಾಯಿಲೇ ಇಲ್ಲ ಅನ್ನೂದು, ಮನಸ್ಸಿನ್ಯಾಗ ಇಟಗೊಳ್ಳೂದು. ಎಷ್ಟು ಮಂದಿ ಹಂಗ ಬದುಕತಾರ. ಆರು ವರ್ಷ ಬದುಕತಾರ. ಹೆಂಡತಿ ಗ್ವಾಡಿ ಕಡೆ ಮಾರಿ ಮಾಡಿ ಮಲಗತಾಳ, ದೀಪ ಆರಸತಾರ. ಅದನ್ನ ನೀ ಒಂದು ಗಳಿಗಿ ಮಾಡಾಕ ಆಗಂಗಿಲ್ಲೇನು?

ಇಲ್ಲ? ಆಗಂಗಿಲ್ಲ?

ಹಾಂ... ಹಾಂ ಸಾಹೇಬ್ರ! ಬರ್ರಿ, ಬರ್ರಿ. ಇಲ್ಲೇ ಅದೀನ್ರಿ. ತಾಯೀನ್ನ ಕೇಳಾಕತ್ತಿದ್ದೆ. ಹೂಂರಿ, ಯಂಕೋಬನ ತಾಯಿ. ಮಕ್ಕಳು... ಎರಡರೀ. ಇಬ್ಬರೂ ಗಂಡಸು. ಕೈಯೇನ್ರಿ? ಮೂರಲ್ಲರೀ, ಅದು... ಕೈ ಬ್ಯಾನಿ ಆಕಿಗೆ, ಕಲ್ಲು ಒಡದು ಒಡದು ಬಟ್ಟು ಮಡಚಾಕ ಬರಂಗಿಲ್ಲ. ಗಿಡದ ಕೆಳಗಿನ ಹುಡುಗೇನ್ರಿ? ಯಾರೋ ದಾರಿ ಹುಡುಗಿ. ನೀರು ಕುಡ್ಯಾಕ ಬಂದಿರಬೇಕು.

ಈ ಕಡೆ ಬರಬ್ಯಾಡವಾ. ಅಲ್ಲೇ ಇರು. ಅಲ್ಲೇ... ಯಮನಮ್ಮ, ಆಕೀನ್ನ ಅಲ್ಲೇ ನಿಂದ್ರಸು!

‘ಅವ್ವಾ’ ಅಂದಿದ್ದು... ಹುಡುಗರು ಎಲ್ಲಾರಿಗೂ ಅವ್ವ ಅಂತಾವ್ರಿ ಸಾಹೇಬ್ರ, ನಮ್ಮ ಕಡೆ ಹಂಗ. ಉಡಿಯಾಗಿನ ಬೇವಿನ ಹಣ್ಣು ಈಕಿ ಬಾಯಿಗೆ ಯಾಕ ಹಾಕಾಕತ್ತೈತಿ ಅಂದ್ರ... ಹೂಂರಿ. ಹೂಂರಿ, ಮಗಳ ಇರಬೇಕ್ರಿ... ಏನಂದ್ರಿ? ನಸಲಾ? ಎಲ್ಲಾರನೂ ಮೋಟರಿನ್ಯಾಗ? ಈಗಿಂದೀಗನಾ?... ಹುಡುಗೀನ್ನ ಮೊದಲಾ?

ತಲಿ ಅಳಿಯೂ ಆ ಇಕ್ಕಳ ಹಾಕಬ್ಯಾಡ್ರಿ ಸಾಹೇಬ್ರ. ಹೆದರತಾಳ್ರಿ. ಆಕಿ ಅಳಾಕ ಶುರು ಮಾಡಿದ್ರ ಬಿಡಂಗಿಲ್ಲರೀ... ನನಗ ಹೆಂಗ ಗೊತ್ತು ಅಂದ್ರ... ನೋಡಿದ್ರ ತಿಳೀತೈತ್ರಿ. ತಡೀರಿ. ಸಾಹೇಬ್ರ, ಜರಾ ತಡೀರಿ! ಇದು ನಸಲ್ ಅಲ್ಲರೀ. ಆ ಹುಡುಗಿ ಈಕಿ ಹೊಟ್ಟ್ಯಾಗ ಹುಟ್ಟಿದ್ದಲ್ಲ. ದೇವರಾಣೆ ಅಲ್ಲರೀ. ಕೊಂಡಾಳ. ತೌಡಿಗೆ. ನಮ್ಮ ಕಡೆ ಅದೊಂದು ಪದ್ಧತಿ ಐತ್ರಿ, ನಗಬ್ಯಾಡ್ರಿ, ಖರೇನ ಐತಿ. ಮುಕ್ಕುಂದದ ಹೊಳೀ ದಂಡ್ಯಾಗ, ಗದ್ದಲದ ವರ್ಷ. ಮಾರಿದವರು... ಯಾರೋ ದಾರಿಯವರಂತರಿ. ನನಗೇನು ಗೊತ್ತು? ಈಕೀನ್ನ ಕೇಳ್ರಿ.

ಯಮನಮ್ಮ, ಹೇಳು ಸಾಹೇಬ್ರಿಗೆ. ಯಾರೋ ದಾರಿಯವರು ಅಂತ ಹೇಳು. ಬಾಯಿ ಬಿಡು. ಈಗರೆ ಬಾಯಿ ಬಿಡಬೇ!

ಯಾಕ ನನ್ನ ಮಾರಿ ನೋಡತಿ? ನನ್ನ ನೋಡಬ್ಯಾಡ, ಸಾಹೇಬ್ರನ್ನ ನೋಡು... ಬುಡ್ಡೇಸಾಬ್, ಯಾವಾಗ ಬಂದಿ ನೀ? ಕೊಡ ಹೊತಗೊಂಡು ಏನು ನಿಂತೀದಿ, ಇಳಸು... ಸಾಹೇಬ್ರ, ಆಕಿ ನೋಡಿದ್ಲು ಅಂತ ನೀವೂ ನನ್ನ ನೋಡಿದ್ರ ಹೆಂಗ್ರಿ?

ಏನಂದ್ರಿ?... ನನಗೇನ್ರಿ?

ಯಮನಮ್ಮ... ನನಗ ಎಷ್ಟು ಮಕ್ಕಳು ಅಂತ ಕೇಳಾಕತ್ತಾರ. ನೀನ ಹೇಳವಾ.